ಹಳೆಯ ಫೋನು, ವಾರಕ್ಕೆ ಹತ್ತು ಜೋಡು

ಅದು ಮಾರ್ಚ್ ತಿಂಗಳ ಒಂದು ಮಂಗಳವಾರ. ಬೆಳಗಿನ ಶಾಲೆ ಮುಗಿಸಿಕೊಂಡು ಮನೆಗೆ ಬಂದಾಗ ಹನ್ನೆರಡೂವರೆ. ಎದುರುಮನೆಯ ಕಟ್ಟೆಯ ಮೇಲೆ ಕಾಕಾ ಮತ್ತು ಕಾಕು ಇಪ್ಪತ್ತು ಜೋಡು ಚಪ್ಪಲಿಗಳನ್ನು ಹುರಿಗೆ ಪೋಣಿಸಿ ಇಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಪ್ರತಿ ಮಂಗಳವಾರ ಹತ್ತು ಗಂಟೆಗೆ ನಿಪ್ಪಾಣಿಯ ವ್ಯಾಪಾರಿಯ ಟೆಂಪೊ ಬಂದು ಆ ಹುರಿಯನ್ನು ಎತ್ತಿಕೊಂಡು ಹೋಗುತ್ತಿತ್ತು. ಆವತ್ತು ಟೆಂಪೊ ಬರಲಿಲ್ಲ, ಅವನ ಫೋನು ಬಂತು. ಇನ್ನು ಮೇಲೆ ಕೈಯಿಂದ ಮಾಡಿದ್ದು ಬೇಡ, ಮಷಿನ್ ಮಾಲೇ ಸಾಕು ಎಂದನಂತೆ.

ಅಥಣಿಯ ನಮ್ಮ ಓಣಿಗೆಲ್ಲ ಆ ಗಂಡ ಹೆಂಡತಿ ಕಾಕಾ, ಕಾಕು; ಶಾಲೆಯಲ್ಲಿ ಕಲಿಸುವ ನಾನು ಅವರಿಗೆ ಅಕ್ಕೋರು. ಕಾಕಾ ಚರ್ಮ ಕೊಯ್ದು ಅಟ್ಟೆ ಬಡಿಯುತ್ತಾರೆ, ಕಾಕು ಹೆಣೆದು ಹೊಲಿಯುತ್ತಾರೆ. ಇಬ್ಬರದೇ ಕಾರ್ಖಾನೆ. ಮೂರನೆಯವರು ಬೇಕಾಗಿಯೂ ಇಲ್ಲ, ಆ ಪಡಸಾಲೆಯಲ್ಲಿ ಅವರಿಗೆ ಜಾಗವೂ ಇಲ್ಲ.

"ಕಾಗವಾಡದಾಗ ಗಿರಣಿ ಗೇಟಿಗೆ ವಾಚ್‌ಮನ್ ಬೇಕಂತ್ರಿ ಅಕ್ಕೋರ," ಎಂದರು ಕಾಕಾ. "ಜೂನ್ ಒಂದನೇ ತಾರೀಖಿಗೆ ಬಾ ಅಂದಾರ. ಹೋಗಿಬಿಡ್ತೀನಿ."

"ಹೋಗ್ರಿ, ಹೋಗ್ರಿ," ಎಂದರು ಕಾಕು. "ಕುಂತಲ್ಲೇ ನಿದ್ದಿ ಹತ್ತತೈತಿ ನಿಮಗ. ಕಳ್ಳ ಬಂದ್ರ ಪಾಪ, ಅವನ ನಿಮ್ಮನ್ನ ಎಬ್ಬಸಬೇಕು."

ಬಾಯಿ ನಗುತ್ತಿತ್ತು, ಕೈಯಲ್ಲಿದ್ದ ಸೂಜಿ ಮಾತ್ರ ನಿಂತಿತ್ತು. ಕಾಕು ಆ ಹೆಣಿಗೆಯನ್ನು ತನ್ನ ಅವ್ವನ ಮಗ್ಗುಲಲ್ಲಿ ಕುಳಿತು ಕಲಿತವರು.

ಫೋನಿನ ಮೇಲೆ ನಾವೇ ಮಾರೋಣ ಎಂದೆ ನಾನು. ಅವರ ಮನೆಯಲ್ಲಿದ್ದದ್ದು ಗುಂಡಿ ಒತ್ತುವ ಫೋನು. ನಮ್ಮ ಮನೆಯವರು ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು. ಅವರ ಫೋನು ಕಪಾಟಿನಲ್ಲಿತ್ತು. ಗಾಜಿನ ಮೇಲೆ ಒಂದು ಗೆರೆ ಬಿಟ್ಟರೆ ಬೇರೆ ದೋಷವಿರಲಿಲ್ಲ. ವಾರಕ್ಕೊಮ್ಮೆ ಅದನ್ನು ಚಾರ್ಜಿಗೆ ಹಚ್ಚುತ್ತಿದ್ದೆ. ಯಾಕೆಂದು ಯಾರೂ ಕೇಳಿರಲಿಲ್ಲ. ತಂದು ಕಾಕುವಿನ ಕೈಯಲ್ಲಿಟ್ಟೆ.

ಕಾಕಾ ಒಂದು ಷರತ್ತು ಹಾಕಿದರು. "ಮೇ ತಿಂಗಳ ಕಡೀ ವಾರದಾಗ ಹತ್ತು ಜೋಡು ಹ್ವಾದ್ರ ಇಲ್ಲೇ ಇರ್ತೀನಿ. ಒಂಬತ್ತಾದ್ರ ಕಾಗವಾಡ."

ಚಪ್ಪಲಿ ಅಂಗಡಿಯೊಂದು ಫೋನಿನೊಳಗೆ ಕಾಲಿಟ್ಟರೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಸರಿಯಾಗಿ ನೆನಪಿರುವಷ್ಟನ್ನು ಮಾತ್ರ ಬರೆಯುತ್ತೇನೆ.

ಕೆಳಗೆ ಹಾಸಿದ್ದು

ಮೊದಲ ಕೆಲಸ ಫೋಟೊ. ಚಪ್ಪಲಿಯ ಬಣ್ಣವೂ ಪಡಸಾಲೆಯ ನೆಲದ ಬಣ್ಣವೂ ಒಂದೇ ಆಗಿ, ಫೋಟೊದಲ್ಲಿ ಚಪ್ಪಲಿಯೇ ಕಾಣಲಿಲ್ಲ. ಕಾಕು ಒಳಗೆ ಹೋಗಿ ತಮ್ಮ ಇಳಕಲ್ ಸೀರೆ ತಂದು ಹಾಸಿದರು. ಅದರ ಮೇಲೆ ಒಂದು ಜೋಡು ಇಟ್ಟು, ಬಾಗಿಲ ಬೆಳಕಿಗೆ ತಿರುಗಿಸಿ, ನಾಲ್ಕು ಕಡೆಯಿಂದ ನಾಲ್ಕು ಫೋಟೊ ತೆಗೆದೆ. ನಮ್ಮ ಶಿಕ್ಷಕರ ಗ್ರೂಪಿಗೂ ಎರಡೂ ಮನೆಯ ಬೀಗರ ಗ್ರೂಪಿಗೂ ಹಾಕಿದೆ.

ಒಂದು ಗಂಟೆಯೊಳಗೆ ಹನ್ನೊಂದು ಮೆಸೇಜು ಬಂದವು.

"ಹನ್ನೊಂದ!" ಎಂದು ಕಾಕಾ ಎದ್ದು ನಿಂತರು. "ಹತ್ತಾಗಿ ಮ್ಯಾಲೊಂದು! ಓದ್ರಿ ಅಕ್ಕೋರ."

ಓದಿದೆ. ಒಬ್ಬರು ಹೂವಿನ ಚಿತ್ರ ಹಾಕಿ ಶುಭೋದಯ ಹೇಳಿದ್ದರು. ಒಬ್ಬರು ಚಪ್ಪಲಿಯ ಅಳತೆ ಕೇಳಿದ್ದರು. ಉಳಿದ ಒಂಬತ್ತು ಜನ ಕೇಳಿದ್ದು ಸೀರೆ: ಸೆರಗು ಯಾವ ಬಣ್ಣ, ಎಲ್ಲಿ ತಗೊಂಡಿರಿ, ಇದರಲ್ಲೇ ಹಸಿರು ಸಿಗುತ್ತದೆಯೇ.

ಕಾಕುವಿನ ಮುಖ ಅರಳಿತು. "ನಮ್ಮ ಅವ್ವ ಆರಿಸಿದ್ದ ಸೀರಿರೀ ಅದು."

"ನಿಮ್ಮವ್ವನ ಹೆಸರ್ಲೇ ಸೀರಿ ಅಂಗಡಿ ಇಡೂಣ ತಗೊ," ಎಂದು ಕಾಕಾ ಒಳಗೆ ಹೋಗಿ ತಮ್ಮ ಧೋತರ ತಂದು ಹಾಸಿದರು. ಇದನ್ನಂತೂ ಯಾರೂ ಕೇಳುವುದಿಲ್ಲ ಎಂಬ ಧೈರ್ಯ ಅವರಿಗೆ. ಹೊಸ ಫೋಟೊ ಹೋಯಿತು. ಮೊದಲ ಉತ್ತರ ನಮ್ಮ ಮುಖ್ಯಾಧ್ಯಾಪಕರದು: "ಚಪ್ಪಲಿ ಚಲೋ ಅದಾವ್ರಿ, ಒಂದು ಜೋಡು ನನಗ ಇಡ್ರಿ. ಧೋತರ ಮಾತ್ರ ಒಗೀರಿ."

ಪಟ್ಟಿ

ಗಿರಾಕಿಗಳು ತಮ್ಮ ಪಾದದ ಫೋಟೊ ಕಳಿಸತೊಡಗಿದರು. ಬರಿಯ ಪಾದದ ಫೋಟೊ ನೋಡಿ ಅಳತೆ ಹೇಳಲಾಗುವುದಿಲ್ಲ. ಹತ್ತಿರದಿಂದ ತೆಗೆದರೆ ಕೂಸಿನ ಕಾಲೂ ಪೈಲ್ವಾನನ ಕಾಲಿನಷ್ಟು ಕಾಣುತ್ತದೆ. ಇದಕ್ಕೆ ಯಾವ ಯಂತ್ರವೂ ಬೇಡ, ಮಕ್ಕಳು ಗೆರೆ ಎಳೆಯುವ ಪಟ್ಟಿ ಪಾದದ ಪಕ್ಕದಲ್ಲಿದ್ದರೆ ಸಾಕು ಎಂದು ಕಾಕಾಗೆ ತಿಳಿಸಿದೆ. ಅವರು ಅದನ್ನು ತಮ್ಮ ಮಾತಿನಲ್ಲಿ ಹೇಳಿದಂತೆಯೇ ಎಲ್ಲರಿಗೂ ಬರೆದು ಕಳಿಸಿದೆ: "ಕಾಲಿಗೆ ಪಟ್ಟಿ ಹಚ್ಚಿ ಫೋಟೊ ಕಳಿಸಬೇಕು."

ಮರುದಿನ ಜುಗೂಳದಿಂದ ಒಬ್ಬ ರೈತರ ಫೋಟೊ ಬಂತು. ಬೆರಳಿನಿಂದ ಹರಡಿನವರೆಗೆ ಬಿಳಿಯ ಬ್ಯಾಂಡೇಜು. ಬಹಳ ಅಚ್ಚುಕಟ್ಟಾಗಿ ಸುತ್ತಿದ್ದರು. ಕೂಡಲೇ ಫೋನ್ ಮಾಡಿದೆ.

"ಕಾಲಿಗೇನಾತ್ರಿ?"

"ಏನೂ ಆಗಿಲ್ರಿ. ನೀವ ಪಟ್ಟಿ ಹಚ್ಚಂದ್ರಿ, ದವಾಖಾನಿಗೆ ಹೋಗಿ ಹಚ್ಚಿಸ್ಕೊಂಡ ಬಂದೀನಿ. ಸಾಲಿನ್ಯಾಗ ಒಂದ್ ತಾಸು ನಿಂತಿದ್ನಿ."

"ಅಲ್ಲಿ ಏನೂ ಕೇಳಲಿಲ್ಲೇನ್ರಿ?"

"ಕೇಳಿದ್ರಲ್ಲ. ನರ್ಸಬಾಯಿ ಗಾಯ ಎಲ್ಲೈತಿ ಅಂದ್ಲು. ಗಾಯ ಇಲ್ಲವಾ, ಚಪ್ಪಲಿ ಐತಿ ಅಂದ್ನಿ."

ಅಂದಿನಿಂದ ನಾನು "ಪಟ್ಟಿ" ಎಂದು ಬರೆಯುವುದನ್ನು ಬಿಟ್ಟು "ಸ್ಕೇಲು" ಎಂದು ಬರೆಯುತ್ತೇನೆ. ಹದಿನೆಂಟು ವರ್ಷ ಮಕ್ಕಳಿಗೆ ಕನ್ನಡ ಪದವನ್ನೇ ಬಳಸಿರಿ ಎಂದು ಹೇಳಿದವಳು ನಾನು.

ಡಬ್ಬಿ

ಕಾಕು ಐದನೇ ಇಯತ್ತೆ ಓದಿದವರು. ಎರಡು ವಾರದಲ್ಲಿ ಫೋನಿನಲ್ಲಿ ಕನ್ನಡ ಬರೆಯುವುದನ್ನು ಕಲಿತರು. ಬರೆಯುವಾಗ ಮುಂದಿನ ಪದವನ್ನು ಫೋನು ತಾನೇ ತೋರಿಸುತ್ತದಲ್ಲ, ಅದು ಅವರಿಗೆ ಬಹಳ ಹಿಡಿಸಿತು. "ನಮ್ಮ ಮನಿಯವರಿಗಿಂತ ಶಾಣ್ಯಾ ಐತ್ರಿ ಇದು. ಅರ್ಧ ಮಾತಿನ್ಯಾಗ ತಿಳ್ಕೊತೈತಿ."

ರಾಯಬಾಗದ ಒಬ್ಬ ವಕೀಲರು ಒಂದು ಜೋಡಿಗೆ ಹೇಳಿದ್ದರು. "ನಿಮ್ಮ ಚಪ್ಪಲಿ ತಯಾರಾಗಿದೆ" ಎಂದು ಅವರಿಗೆ ತಿಳಿಸಬೇಕಿತ್ತು. ಕಾಕು "ನಿಮ್ಮ" ಎಂದು ಬರೆದರು. ಫೋನು ಮುಂದಿನ ಪದ ತೋರಿಸಿತು. ನೂಲಿಗೆ ಮೇಣ ಸವರಿದ ಬೆರಳು, ಒತ್ತಿದ್ದೊಂದು ತಗಲಿದ್ದೊಂದು. ಅದರ ಮುಂದಿನದೂ ಹಾಗೆಯೇ. ಹೋದ ಮೆಸೇಜು ಇದು: "ನಿಮ್ಮ ಡಬ್ಬಿ ಮರತ ಹೋಗೀರಿ."

ಆ ಮಾತು ಫೋನಿಗೆ ಬಾಯಿಪಾಠವಾಗಿತ್ತು. ಊಟದ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲೇ ಬಿಟ್ಟು ಶಾಲೆಗೆ ಹೋಗುವ ಅಭ್ಯಾಸ ನನಗಿತ್ತು. ವಾರಕ್ಕೆ ಎರಡು ಸಲವಾದರೂ ನಮ್ಮ ಮನೆಯವರು, ಚೇಷ್ಟೆಗೆ ನನಗೆ ಬಹುವಚನ ಹಚ್ಚಿ, ಅದನ್ನೇ ಬರೆದು ಕಳಿಸುತ್ತಿದ್ದರು. ಆಮೇಲೆ ಡಬ್ಬಿಯನ್ನು ಸೈಕಲ್ಲಿಗೆ ತೂಗುಹಾಕಿಕೊಂಡು ಬರುತ್ತಿದ್ದರು.

ಕಾಕುವಿಗೆ ಇದೆಲ್ಲ ತಿಳಿಯದು. ವಕೀಲರು ಸಿಟ್ಟಾಗುತ್ತಾರೆಂದು ಗಾಬರಿಯಾಗಿ ನನ್ನನ್ನು ಕರೆದರು. ನಾನು ಓಣಿ ದಾಟಿ ಹೋಗುವಷ್ಟರಲ್ಲಿ ಉತ್ತರ ಬಂದಿತ್ತು.

"ಹೌದ್ರಿ! ಈಗ ಚೀಲ ನೋಡಿದೆ, ಡಬ್ಬಿ ಇಲ್ಲ. ಮನ್ಯಾಗ ಉಳದೈತಿ. ನಿಮಗ ಹೆಂಗ ಗೊತ್ತಾತು?"

ಐದು ನಿಮಿಷ ಬಿಟ್ಟು ಅವರದೇ ಇನ್ನೊಂದು ಮೆಸೇಜು: "ಇನ್ನೊಂದು ಜೋಡು ನಮ್ಮ ಮನಿಯಾಕಿಗೂ ಮಾಡ್ರಿ. ಮತ್ತ ಒಂದು ಮಾತು. ನಾಳೆ ನನ್ನ ಸಾಕ್ಷಿದಾರ ಕೋರ್ಟಿಗೆ ಬರ್ತಾನೋ ಇಲ್ಲೋ, ಅದನ್ನೂ ಸ್ವಲ್ಪ ನೋಡಿ ಹೇಳ್ರಿ."

ಫೋನು ಕಲಿತ ಮಾತುಗಳನ್ನು ಅಳಿಸಲು ಬರುತ್ತದೆಯೇ ಎಂದು ಕಾಕು ಕೇಳಿದರು. ಬರುತ್ತದೆ ಎಂದೆ. ಹೇಗೆಂದು ತೋರಿಸಲಿಲ್ಲ.

ಚಿಕ್ಕೋಡಿಯ ಯಂತ್ರ

ಮೇ ತಿಂಗಳಲ್ಲಿ ಚಿಕ್ಕೋಡಿಯ ಒಂದು ಸಭಾಭವನದಲ್ಲಿ ಸಣ್ಣ ಕಾರ್ಖಾನೆಯವರಿಗೆಂದು ಸಭೆ ಕರೆದಿದ್ದರು. ಕಡಿಮೆ ಖರ್ಚಿನಲ್ಲಿ ಹೊಸ ತಂತ್ರಜ್ಞಾನ ಎಂದು ಬಾಗಿಲಿಗೆ ಬಟ್ಟೆಯ ಫಲಕ ಕಟ್ಟಿದ್ದರು. ಬೆಲ್ಲದ ಗಾಣದವರು, ಮಗ್ಗದವರು, ಹಪ್ಪಳದ ಸಂಘದ ಹೆಂಗಸರು, ಟ್ರ್ಯಾಕ್ಟರ್ ಟ್ರಾಲಿ ಮಾಡುವವರು ಎಲ್ಲ ಬಂದಿದ್ದರು. ಕಾಕಾ, ಕಾಕು ಜೊತೆ ನಾನೂ ಹೋದೆ. ನನಗೆ ರಜೆ ಇತ್ತು.

ಪೇಟೆಯಿಂದ ಬಂದ ಒಬ್ಬ ಸಾಹೇಬರು ಪಾದದ ಅಳತೆ ತೆಗೆಯುವ ಯಂತ್ರವೊಂದನ್ನು ಮೇಜಿನ ಮೇಲಿಟ್ಟಿದ್ದರು. ಅದು ನಮ್ಮ ಕಡೆಯ ಹೊಲಿಗೆ ಮಷಿನ್ನಿಗಿಂತ ದೊಡ್ಡದು. ಚಪ್ಪಲಿ ಮಾಡುವವರು ಯಾರಾದರೂ ಇದ್ದೀರಾ ಎಂದು ಕೇಳಿದರು. ಕಾಕು ಕಾಕಾನ ಕೈ ಹಿಡಿದು ಮೇಲೆತ್ತಿದರು.

"ಬನ್ನಿ, ಮುಂದೆ ಬನ್ನಿ. ಇಗೋ, ನನ್ನ ಪಾದವನ್ನೇ ಇಡುತ್ತೇನೆ. ಮೂವತ್ತು ಸೆಕೆಂಡು ಸಾಕು," ಎಂದು ಸಾಹೇಬರು ಬಲಗಾಲಿನ ಬೂಟು, ಕಾಲುಚೀಲ ಬಿಚ್ಚಿ ಆ ಕಾಲನ್ನು ಯಂತ್ರದೊಳಗಿಟ್ಟರು. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ನನ್ನ ಗಡಿಯಾರದಲ್ಲಿ ಮೂವತ್ತು ಸೆಕೆಂಡಾಯಿತು, ಒಂದು ನಿಮಿಷವಾಯಿತು, ನಾಲ್ಕು ನಿಮಿಷವಾಯಿತು. ನೆಟ್‌ವರ್ಕ್ ಸ್ವಲ್ಪ ನಿಧಾನ ಎಂದರು ಸಾಹೇಬರು. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತು ಅವರಿಗೂ ಸಾಕಾಗಿತ್ತು.

ಕಾಕಾ ಮುಟ್ಟಲಿಲ್ಲ, ಬಗ್ಗಲೂ ಇಲ್ಲ. ಎರಡು ಮಾರು ದೂರದಿಂದಲೇ, "ಎಂಟು ನಂಬರ್ ಐತ್ರಿ ಸಾಹೇಬ್ರ. ಎಡಗಾಲಾಗ ಆಣಿ ಐತಿ," ಎಂದರು.

ಆಗ ಚಕ್ರ ನಿಂತು ಪರದೆಯ ಮೇಲೆ ಎಂಟು ಎಂದು ಬಂತು. ಜನ ಚಪ್ಪಾಳೆ ಹೊಡೆದರು. ಸಾಹೇಬರು ಮಾತ್ರ ಬೆರಗಾಗಿ, "ಎಡಗಾಲು ಇನ್ನೂ ಬೂಟಿನಲ್ಲೇ ಇದೆ. ಆಣಿ ಇರೋದು ಹೇಗೆ ಗೊತ್ತಾಯಿತು?" ಎಂದರು.

"ನೀವು ಮೆಟ್ಟಲ ಹತ್ತಿ ಬರೂದು ನೋಡಿದ್ನಿರಿ. ಆಣಿ ಇದ್ದಾಂವ ನೆಲಾನ ಮೊದಲ ಕೇಳಿ ಆಮ್ಯಾಲ ಕಾಲ ಇಡ್ತಾನ."

ಮಧ್ಯಾಹ್ನದ ಊಟದ ಹೊತ್ತಿಗೆ ಸಾಹೇಬರು ನಮ್ಮ ಸಾಲಿಗೆ ಬಂದು ಮೆಲ್ಲಗೆ, ಆಣಿಗೆ ಮೆತ್ತಗಾಗುವ ಒಂದು ಜೋಡು ಬೇಕು ಎಂದರು. ಆ ದಿನ ಸಭೆಯಲ್ಲಿ ನಡೆದ ಒಂದೇ ವ್ಯಾಪಾರ ಅದು.

ಸಪ್ಪಳ

ನಮ್ಮ ಕಡೆಯ ಚಪ್ಪಲಿ ನಡೆಯುವಾಗ ಸಪ್ಪಳ ಮಾಡಬೇಕು. ಅದು ದೋಷವಲ್ಲ. ಅಟ್ಟೆಯ ಪದರುಗಳ ನಡುವೆ ಏನಿಟ್ಟರೆ ಎಷ್ಟು ಸಪ್ಪಳ ಬರುತ್ತದೆ ಎಂಬುದು ಕಾಕಾನ ಗುಟ್ಟು, ಕಾಕುವಿಗೂ ಹೇಳಿಲ್ಲ. ಗಡಿಯಾಚೆಯ ಸಾಂಗಲಿಯ ಒಬ್ಬ ಹಿರಿಯರು ಆ ಸಪ್ಪಳ ಕೇಳದೆ ತಗೊಳ್ಳುವುದಿಲ್ಲ ಎಂದು ಹಟ ಹಿಡಿದರು. ಅವರಿಗೆ ಮರಾಠಿ ಚೆನ್ನಾಗಿ, ಕನ್ನಡ ಅಷ್ಟಕ್ಕಷ್ಟೆ.

ಸಪ್ಪಳವನ್ನು ಫೋನಿನಲ್ಲಿ ಹಿಡಿದು ಕಳಿಸೋಣ ಎಂದೆ. ಓಣಿಯಲ್ಲಿ ಹತ್ತು ಹೆಜ್ಜೆ ಜಾಗ ಗುಡಿಸಿದೆವು. ಕಾಕಾ ಹೊಸ ಜೋಡು ಹಾಕಿಕೊಂಡು ಎದೆ ಮುಂದೆ ಮಾಡಿ ನಡೆದರು. ಕರ್, ಕರ್, ಕರ್. ಕಾಕು ಫೋನನ್ನು ನೆಲಕ್ಕೆ ತಾಗುವ ಹಾಗೆ ಹಿಡಿದು ಮಗ್ಗುಲಲ್ಲೇ ಬಗ್ಗಿ ನಡೆದರು. ನೋಡುವವರಿಗೆ ಕಾಕಾನ ಪಾದಕ್ಕೆ ಭಾಷಣ ಮಾಡಲು ಮೈಕು ಕೊಟ್ಟಂತೆ ಇತ್ತು.

ಫೋನಿನಲ್ಲಿ ಮೈಕಿನ ಗುರುತು ಎರಡಿವೆ. ಒಂದು ಧ್ವನಿಯನ್ನು ಹಾಗೆಯೇ ಹಿಡಿಯುತ್ತದೆ, ಇನ್ನೊಂದು ಆಡಿದ ಮಾತನ್ನು ಅಕ್ಷರ ಮಾಡುತ್ತದೆ. ಕಾಕು ಒತ್ತಿದ್ದು ಎರಡನೆಯದು. ಚಪ್ಪಲಿ ಆಡಿದ್ದನ್ನು ಫೋನು ಕಿವಿಗೊಟ್ಟು ಕೇಳಿ ತನಗೆ ತಿಳಿದಂತೆ ಬರೆಯಿತು. ಕಾಕು ಕಳಿಸಿಯೇಬಿಟ್ಟರು. ಸಾಂಗಲಿಯ ಹಿರಿಯರಿಗೆ ಮುಟ್ಟಿದ್ದು: "ಕರ್ನಾಟಕ ಕರ್ನಾಟಕ ಕರ್ನಾಟಕ ಕರ್ನಾಟಕ."

ಗಡಿಯ ಜನರಿಗೆ ಇದು ಎಂಥ ಮಾತೆಂದು ಬೇರೆ ಹೇಳಬೇಕಿಲ್ಲ. ಕಾಕಾ ಹಣೆ ಬಡಿದುಕೊಂಡರು. "ಏನ ಮಾಡಿದೆಬೇ! ನಾಕ್ ಹೆಜ್ಜಿ ನಡದ್ನಿ, ಗಡಿ ಜಗಳ ಹಚ್ಚಿಟ್ಟೆಲ್ಲ!"

ಆಮೇಲೆ ಹಿರಿಯರು ಮರಾಠಿಯಲ್ಲಿ ಬರೆದರು: "ಮಲಾ ಚಪ್ಪಲ್ ಪಾಹಿಜೆ, ರಾಜ್ಯ ನಕೊ." ನನಗೆ ಚಪ್ಪಲಿ ಬೇಕು, ರಾಜ್ಯ ಬೇಡ ಎಂದು.

ಮಾಪ್

ಮೇ ತಿಂಗಳ ಕಡೆಯ ಶನಿವಾರ. ಆ ವಾರ ಒಂಬತ್ತು ಜೋಡು ಹೋಗಿದ್ದವು. ಸಂಜೆ ಐದರವರೆಗೆ ಕಾದೆವು. ಹತ್ತನೆಯದು ಬರಲಿಲ್ಲ.

ಕಾಕಾ ಗೋಡೆಯ ಮೇಲಿನ ಚೀಲ ಇಳಿಸಿ, ಎರಡು ಅಂಗಿ, ಒಂದು ಟವೆಲ್ ಇಟ್ಟುಕೊಂಡರು.

"ಒಂದು ಜೋಡು ನಾನ ತಗೊಂತೀನಿ, ಹತ್ತಾತು," ಎಂದರು ಕಾಕು.

"ಮನಿಯವರ್ದು ಲೆಕ್ಕಕ್ಕಿಲ್ಲ."

"ಹಂಗಾದ್ರ ನಾ ತಗೊಂತೀನ್ರಿ ಕಾಕಾ," ಎಂದೆ.

"ನೀವೂ ಮನಿಯವರ ಅಕ್ಕೋರ."

ಆಡಿದ ಮಾತಿಗೆ ತಪ್ಪುವವರಲ್ಲ ಅವರು. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಅಷ್ಟರಲ್ಲಿ ಫೋನು ಸದ್ದು ಮಾಡಿತು. ಮೂವರೂ ಬಗ್ಗಿ ನೋಡಿದೆವು. ಗಿರಾಕಿಯಲ್ಲ, ಗಿರಣಿಯ ಸುಪರ್‌ವೈಜರರು. "ವಾಚ್‌ಮನ್ ಡ್ರೆಸ್ಸಿನ ಜೋಡಿ ಬೂಟು ಕೊಡ್ತೇವಿ. ಕಾಲಿನ ಮಾಪ್ ಕಳಸ್ರಿ."

ನಮ್ಮ ಕಡೆ ಅಳತೆಗೆ ಮಾಪ್ ಎನ್ನುತ್ತೇವೆ. ನಲವತ್ತು ವರ್ಷ ಊರ ಮಂದಿಯ ಕಾಲು ಅಳೆದವರಿಗೆ ತಮ್ಮ ಕಾಲಿನ ಮಾಪ್ ಎಷ್ಟೆಂದು ತಿಳಿಯದು. ಯಾವತ್ತೂ ಅಳೆದುಕೊಂಡಿರಲಿಲ್ಲ. "ನೀವ ಮಾಪ್ ತಗೀರಿ ಅಕ್ಕೋರ," ಎಂದು ಹಾಳೆಯ ಮೇಲೆ ನಿಂತರು. ನಾನು ಪೆನ್ಸಿಲ್ ಹಿಡಿದು ಎರಡೂ ಪಾದದ ಸುತ್ತ ಗೆರೆ ಎಳೆಯತೊಡಗಿದೆ. ಅಷ್ಟು ಹೊತ್ತು ಗಿರಣಿಯವರನ್ನು ಕಾಯಿಸುವುದು ಸರಿಯಲ್ಲವೆಂದು ಕಾಕಾ ಫೋನಿಗೆ ಬಾಯಿ ಹಚ್ಚಿ, ಸಭೆಯಲ್ಲಿ ಮಾತಾಡುವಂತೆ ದೊಡ್ಡ ದನಿಯಲ್ಲಿ ಹೇಳಿದರು: "ಮಾಪ್ ಮಾಡಾಕತ್ತೀವ್ರಿ. ಒಂದನೇ ತಾರೀಖಿಗೆ ಬರ್ತೀನ್ರಿ."

ಫೋನು ಅಕ್ಷರ ಮಾಡಿತು. ಕಾಕು ಅದನ್ನು ತೆಗೆದುಕೊಂಡು ನೋಡಿ, ಕಳಿಸಿ, ಕೆಳಗಿಟ್ಟರು.

ನಾನು ಬಲಗಾಲಿನ ಗೆರೆಯನ್ನೂ ಮುಗಿಸುವಷ್ಟರಲ್ಲಿ ಸುಪರ್‌ವೈಜರರ ಉತ್ತರ ಬಂತು. "ಆತ್ರಿ, ಏನೂ ಅಡ್ಡಿ ಇಲ್ಲ. ಐಗಳಿ ಕಡೇದೊಬ್ಬಾಂವ ಕೇಳಾಕತ್ತಿದ್ದ. ಅವಂಗ ಬಾ ಅಂತ ಹೇಳೇವಿ."

"ಯಾದಕ್ಕ ಅಡ್ಡಿ ಇಲ್ಲ? ಯಾರಿಗೆ ಬಾ ಅಂದ್ರು?" ಎಂದು ಕಾಕಾ ಹಾಳೆಯ ಮೇಲಿಂದ ಇಳಿದರು. ಹೋದ ಮೆಸೇಜು ತೆಗೆದು ಓದಿದೆ. "ಮಾಫ್ ಮಾಡ್ರಿ. ಬರ್ತೀನ್ರಿ," ಎಂದಿತ್ತು. ಒಂದನೇ ತಾರೀಖು ಬಿದ್ದುಹೋಗಿ, ಕ್ಷಮೆ ಕೇಳಿ ಹೋಗಿಬರುತ್ತೇನೆ ಎಂದು ಕೈಮುಗಿದ ಹಾಗಿತ್ತು.

"ಈಗಲೇ ಫೋನ್ ಮಾಡಿ ಹೇಳಿದ್ರ ಆಗ್ತೈತ್ರಿ ಕಾಕಾ," ಎಂದೆ. ಹೇಳುವುದು ನನ್ನ ಧರ್ಮವಾಗಿತ್ತು.

ಕಾಕಾ ಫೋನು ನೋಡಿದರು. ಕಾಕುವನ್ನು ನೋಡಿದರು. ಕಾಕು ಹೆಣಿಗೆಯ ಮೇಲಿನ ಕಣ್ಣು ಎತ್ತಲಿಲ್ಲ.

"ಅವರು ಮಾಫ್ ಮಾಡಿ ಆಗೇತ್ರಿ," ಎಂದರು ಕಾಕಾ. "ಒಂದ್ ಸಲ ಮಾಫ್ ಆದ ಮ್ಯಾಲ ಮತ್ತ ಹೋಗಿ ತಪ್ಪ ಯಾಕ ಮಾಡೂದು?" ಚೀಲದಿಂದ ಟವೆಲ್ ತೆಗೆದು ಮುಖ ಒರೆಸಿಕೊಂಡು, ಚರ್ಮ ಕೊಯ್ಯುವ ಚೂರಿಯನ್ನು ಮಸೆಯಲು ಕುಳಿತರು.

ನಾನು ಕಾಕುವಿನ ಹತ್ತಿರ ಸರಿದು ಮೆಲ್ಲಗೆ ಕೇಳಿದೆ. "ಓದದ ಕಳಿಸಿದ್ರ್ಯಾ ಕಾಕು?"

"ಓದೇ ಕಳಿಸೀನ್ರಿ ಅಕ್ಕೋರ."

ಆ ಹಾಳೆ ನನ್ನ ಬಳಿ ಇದೆ. ಕಾಕಾನ ಎಡಪಾದ ಬಲಪಾದಕ್ಕಿಂತ ಎರಡು ಮಿಲಿಮೀಟರು ಉದ್ದ.